ನಾಲ್ಕಡಿ ಅಗಲದ ಕಾಳಗ

ಏಳನೆಯ ಕಂತು ಪ್ರಸಾರವಾದ ಮೂರನೆಯ ದಿನ ಬೆಳಿಗ್ಗೆ ನಿರ್ದೇಶಕ ಎಲ್ಲರನ್ನೂ ಸಭೆಯ ಕೋಣೆಗೆ ಕರೆದ. ಬಾಗಿಲು ಹಾಕಿ, ಗೋಡೆಯ ಪರದೆಯ ಮೇಲೆ ಒಂದು ತುಣುಕು ಓಡಿಸಿದ. ಅವರದೇ ಅನಿಮೆ, ಜಪಾನಿ ಶೈಲಿಯಲ್ಲಿ ಕೈಯಿಂದ ಬರೆದ ಕಾರ್ಟೂನು ಸರಣಿ. ಅದರ ನಾಯಕನಾದ ಸಮುರಾಯ್ ಯೋಧ ಸೇತುವೆಯ ಮೇಲೆ ಮೂವರೊಡನೆ ಕಾದಾಡುವ ದೃಶ್ಯ. ಯಾರೋ ವೀಕ್ಷಕ ಅದನ್ನು ನಾಲ್ಕು ಪಟ್ಟು ನಿಧಾನ ಮಾಡಿ, ಹಿಂದೆ ಮಂಜಿನ ಮೇಲೆ ಜಾರುವ ಆಟಕ್ಕೆ ಹಾಕುವಂಥ ಸಂಗೀತ ಕೂಡಿಸಿದ್ದ. ಕತ್ತಿ ಬೀಸುವ ಸಮುರಾಯ್ ನಿಜಕ್ಕೂ ಮಂಜಿನ ಮೇಲೆ ಜಾರುತ್ತಿದ್ದ.

ಒಬ್ಬಿಬ್ಬರು ಕಿಸಕ್ಕೆಂದರು.

"ನಗಬೇಡಿ. ಎರಡು ಲಕ್ಷ ಜನ ಆಗಲೇ ನಕ್ಕಿದ್ದಾರೆ, ಸಾಕು," ಎಂದ ನಿರ್ದೇಶಕ. "ಕಾಲು ನೋಡಿ. ಕಾಲು ನೆಲದ ಮೇಲೇ ಇಲ್ಲ."

ಅವನು ಯಾರ ಹೆಸರನ್ನೂ ಎತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ. ಆ ಸ್ಟುಡಿಯೋದಲ್ಲಿ ಕಾಳಗ ಅಂದರೆ ಕತ್ತಿಯಕ್ಕ. ಕೊನೆಯ ಸಾಲಿನಲ್ಲಿ, ಬಲಗೈಯನ್ನು ತೊಡೆಯ ಕೆಳಗೆ ಹುದುಗಿಸಿಕೊಂಡು ಅವಳು ಪರದೆಯನ್ನೇ ನೋಡುತ್ತಿದ್ದಳು. ಕಾಲು ಏಕೆ ನೆಲದ ಮೇಲಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೆಜ್ಜೆ ಊರಿದಾಗ ಮೈಯ ಭಾರ ಹಿಮ್ಮಡಿಯಿಂದ ಮುಂಗಾಲಿಗೆ ಇಳಿಯುತ್ತದೆ. ಅದನ್ನು ತೋರಿಸಲು ಪ್ರತಿ ಹೆಜ್ಜೆಗೆ ನಾಲ್ಕೈದು ಚಿತ್ರ ಬೇಕು. ಅವಳು ಎರಡೇ ಬರೆದಿದ್ದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳಿಗೆ ಹಾಗೆನ್ನಲೂ ಬಾಯಿರಲಿಲ್ಲ, ಏಕೆಂದರೆ ಕಾಲಡಿಯ ನೆಲದ ಗೆರೆ ಹಾಕಿಕೊಟ್ಟವಳೂ ಇವಳೇ.

ಈ ಅಡ್ಡಹೆಸರು ಬಿದ್ದು ಹನ್ನೊಂದು ವರ್ಷವಾಗಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾವುದೋ ಸಣ್ಣ ಚಿತ್ರಕ್ಕೆ ಹನ್ನೆರಡು ಸೆಕೆಂಡಿನ ಒಂದು ಕತ್ತಿವರಸೆ ಬರೆದುಕೊಟ್ಟಿದ್ದಳು. ಅದರಲ್ಲಿ ಒಬ್ಬ ಗರಗರ ತಿರುಗಿ, ತಿರುಗಿದ ರಭಸಕ್ಕೆ ತಾನೇ ಒಂದು ಹೆಜ್ಜೆ ಎಡವಿ, ಎಡವಿದ್ದನ್ನೇ ಏಟಾಗಿ ಮಾಡಿಕೊಳ್ಳುತ್ತಿದ್ದ. ಜನ ಅದನ್ನು ಮತ್ತೆ ಮತ್ತೆ ನೋಡಿದರು. ಅಲ್ಲಿಂದ ಶುರುವಾಯಿತು. ಯಾರು ಏನು ತೆಗೆದರೂ ಬಡಿದಾಟವಿದ್ದರೆ ಅವಳ ಮೇಜಿಗೆ ಬಂದು ಬೀಳುತ್ತಿತ್ತು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗಾಯಿತು ಎಂದು ಅವಳು ಒಮ್ಮೆ ಗಂಡನೆದುರು ಹೇಳಿದ್ದಳು. ದೂರದೂರುಗಳಿಗೆ ಬಸ್ಸು ಓಡಿಸುತ್ತ ವಾರಕ್ಕೆರಡು ದಿನ ಮನೆಯಲ್ಲಿರುತ್ತಿದ್ದ ಅವನು, "ನನಗೂ ಸ್ಟೀರಿಂಗ್ ಬಿಟ್ಟು ಇನ್ನೊಂದು ಕೊಡಲ್ಲ ಕಣೇ," ಎಂದು ನಕ್ಕಿದ್ದ.

ಈ ಸರಣಿಯ ಸಮುರಾಯ್ ಕಂತಿಗೆ ನಾಲ್ಕು ಮಾತು ಆಡಿದರೆ ಹೆಚ್ಚು. ಸ್ಟುಡಿಯೋದವರು ಅವನನ್ನು ಮೌನಿ ಎನ್ನುತ್ತಿದ್ದರು. ತುಟಿ ಬರೆಯುವವರಿಗೆ ಅವನೆಂದರೆ ಪ್ರಾಣ. ಆದರೆ ಬಾಯಿ ಆಡದ ಮಾತನ್ನೆಲ್ಲ ಅವನ ಕತ್ತಿ ಆಡಬೇಕಿತ್ತು. ಸಿಟ್ಟು, ನಾಚಿಕೆ, ಹಳೆಯ ಪ್ರೀತಿ ಎಲ್ಲವೂ ಕತ್ತಿವರಸೆಯಲ್ಲೇ ಬರಬೇಕು. ಹಾಗಾಗಿ ಉಳಿದವರ ಬಾಯಿಯ ಕೆಲಸವೂ ಕತ್ತಿಯಕ್ಕನ ಕೈಗೇ ಬಂದಿತ್ತು.

ಆ ಕೈಯೇ ಈಗ ಕೈಕೊಟ್ಟಿತ್ತು. ನಾಲ್ಕನೆಯ ಕಂತಿನ ಹೊತ್ತಿಗೆ ಬಲಗೈ ಹೆಬ್ಬೆರಳು ಮಡಚಿದರೆ ಮಡಚಿದಲ್ಲೇ ಸಿಕ್ಕಿಹಾಕಿಕೊಳ್ಳತೊಡಗಿತು. ಎಡಗೈಯಿಂದ ಹಿಡಿದು ಎಳೆಯಬೇಕು. ಆಗ ಒಳಗೆಲ್ಲೋ ಟಕ್ಕೆಂದು ಬಿಟ್ಟುಕೊಳ್ಳುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಬರೆಯುವಾಗ ಉದ್ದನೆಯ ಒಂದೇ ಗೆರೆಯ ಅರ್ಧದಲ್ಲಿ ಹೀಗಾದರೆ ಗೆರೆಯೂ ಸತ್ತಿತು, ಚಿತ್ರವೂ ಸತ್ತಿತು. ದಿನಕ್ಕೆ ಹತ್ತು ಸಲ ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡು ಬೆರಳು ಬಿಡಿಸಿಕೊಂಡು ಬರುತ್ತಿದ್ದಳು. ಅವಳ ಮೇಜು ಗೋಡೆಗೂ ಕಾಗದದ ಕಟ್ಟುಗಳ ಕಪಾಟಿಗೂ ನಡುವೆ ಇತ್ತು. ಆಚೆ ಬರಬೇಕಾದರೆ ಪಕ್ಕದಲ್ಲಿ ಕೂತು ಹಿನ್ನೆಲೆ ಬರೆಯುವವಳು ಎದ್ದು ಕುರ್ಚಿ ಸರಿಸಬೇಕು. ಹತ್ತು ಸಲವೂ ಅವಳು ಏಳುತ್ತಿದ್ದಳು. ಒಂದು ದಿನ, "ಅಕ್ಕಾ, ಸಕ್ಕರೆ ಕಾಯಿಲೆನಾ? ಒಂದ್ಸಲ ರಕ್ತ ತೋರಿಸ್ಕೊಳ್ಳಿ," ಎಂದಳು. ಕತ್ತಿಯಕ್ಕ ಹೂಂ ಎಂದಳು.

ಹೇಳಿಬಿಡಬಹುದಿತ್ತು. ಆದರೆ ಸರಣಿ ಮುಗಿಯುವವರೆಗೆ ಬಿಡುವುದಿಲ್ಲವೆಂದು ಅವಳು ಒಪ್ಪಂದಕ್ಕೆ ಸಹಿ ಹಾಕಿದ್ದಳು. ನಡುವೆ ಬಿಟ್ಟವರನ್ನು ಈ ಕಸುಬಿನಲ್ಲಿ ಯಾರೂ ಮತ್ತೆ ಕರೆಯುವುದಿಲ್ಲ. ಬೆರಳು ಕೆಟ್ಟಿದೆ ಎಂಬ ಮಾತು ಒಮ್ಮೆ ಹೊರಬಿದ್ದರೆ ಹತ್ತು ಸ್ಟುಡಿಯೋ ಸುತ್ತಿ ಬರುತ್ತದೆ. ನಲವತ್ಮೂರನೆಯ ವಯಸ್ಸಿನಲ್ಲಿ, ಕತ್ತಿ ಬಿಟ್ಟು ಬೇರೇನೂ ಬರೆಯಬಲ್ಲಳೆಂದು ಯಾರಿಗೂ ಗೊತ್ತಿಲ್ಲದವಳು ಎಲ್ಲಿಗೆ ಹೋಗುತ್ತಾಳೆ? ಆಡುವಂತಿಲ್ಲ, ಅನುಭವಿಸುವಂತಿಲ್ಲ.

ಆ ದಿನ ಸಭೆ ಮುಗಿದ ಮೇಲೆ ನಿರ್ದೇಶಕ ಅವಳನ್ನು ತಡೆದ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಮೊದಲು ಅಕ್ಕಪಕ್ಕದ ಮೇಜಿನಲ್ಲಿ ಬರೆಯುತ್ತಿದ್ದರು.

"ಕೊನೆ ಕಂತು ನಿನ್ನದು," ಎಂದ. "ಮೌನಿಗೂ ಅವನ ಗುರುವಿಗೂ ಕಾಳಗ. ಕೋಟೆಯೊಳಗಿನ ಕಾರಿಡಾರಿನಲ್ಲಿ. ಎರಡೂವರೆ ನಿಮಿಷ. ಗಾಳಿಯಲ್ಲಿ ತಿರುಗಬೇಕು, ಗೋಡೆ ಹತ್ತಬೇಕು, ಜನ ಬಾಯಿ ಮುಚ್ಚಬಾರದು. ಈ ಜಾರುಗುಪ್ಪೆ ಮರೆತುಹೋಗಬೇಕು, ಅಷ್ಟೇ."

"ಎರಡೂವರೆ ನಿಮಿಷಕ್ಕೆ ಒಂದೂಮುಕ್ಕಾಲು ಸಾವಿರ ಚಿತ್ರ ಆಗತ್ತೆ."

"ನಡುವಿನ ಚಿತ್ರ ಬೇರೆಯವರು ತುಂಬುತ್ತಾರೆ. ನಿನ್ನ ಪಾಲಿಗೆ ಆರುನೂರು. ಐದು ವಾರ ಇದೆ." ಅವನು ಅವಳ ಮುಖ ನೋಡಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡಿದ. "ಆಗತ್ತೆ ಅಲ್ವಾ?"

"ಆಗತ್ತೆ," ಎಂದಳು. ಬೇರೆ ಉತ್ತರಕ್ಕೆ ಆ ಕೋಣೆಯಲ್ಲಿ ಜಾಗವಿರಲಿಲ್ಲ.

ಮನೆಯಲ್ಲಿ ಮೊದಲು ಕಂಡುಹಿಡಿದವಳು ಅತ್ತೆ. ಮೂವತ್ತು ವರ್ಷ ಬಟ್ಟೆ ಹೊಲಿದ ಹೆಂಗಸು. ಸೊಸೆಯ ಸರಣಿಯನ್ನು ಒಂದು ಕಂತೂ ಬಿಡದೆ ನೋಡುತ್ತಿದ್ದಳು, ಒಂದು ಕಂತನ್ನೂ ಹೊಗಳುತ್ತಿರಲಿಲ್ಲ. "ಆ ತೋಳು ಹಾಗೆ ಬೀಳಲ್ಲ ಕಣೇ, ಅಷ್ಟು ಅಗಲದ ತೋಳಿಗೆ ಭಾರ ಇರತ್ತೆ," ಎನ್ನುವಳು. ಆ ಸಂಜೆ ಸೊಸೆ ಎಡಗೈಯಲ್ಲಿ ಬಟ್ಟಲು ಹಿಡಿದು ಚಹಾ ಕುಡಿಯುವುದನ್ನು ನೋಡಿ, ಏನೂ ಕೇಳದೆ ಬಲಗೈ ಎಳೆದುಕೊಂಡಳು. ಹೆಬ್ಬೆರಳ ಬುಡದಲ್ಲಿ ಗೋಲಿಯಂತೆ ಎದ್ದಿದ್ದ ಗಂಟನ್ನು ಒತ್ತಿದಳು.

"ಎಷ್ಟು ದಿನದಿಂದ?"

"ನಾಲ್ಕು ತಿಂಗಳು."

"ನನಗೂ ಬಂದಿತ್ತು. ಕತ್ತರಿ ಹಿಡಿದು ಹಿಡಿದು. ಡಾಕ್ಟರು ಕೊಯ್ದು ಬಿಡಿಸಿದರು. ಎರಡು ತಿಂಗಳು ಸುಮ್ಮನೆ ಕೂತಿದ್ದೆ."

"ನನಗೆ ಎರಡು ದಿನವೂ ಇಲ್ಲ ಅತ್ತೆ."

"ಹಂಗಾದ್ರೆ ಅದೇ ನಿನ್ನ ಕೂರಿಸತ್ತೆ," ಎಂದಳು ಅತ್ತೆ. ಗಂಡನಿಗೆ ಹೇಳಬೇಡಿ ಎಂದು ಸೊಸೆ ಕೇಳಿಕೊಂಡಳು. ಅತ್ತೆ ಮೂಗು ಮುರಿದಳು, ಆದರೆ ಬಾಯಿಗೆ ಬೀಗ ಹಾಕಿಕೊಂಡಳು.

ಕಾಳಗದ ಪಟ್ಟುಗಳನ್ನು ಕೂಡಿಸಿಕೊಡಲು ಸ್ಟುಡಿಯೋಗೆ ಒಬ್ಬ ಕತ್ತಿವರಸೆ ಮೇಷ್ಟ್ರು ಬರುತ್ತಿದ್ದರು. ಅರವತ್ತು ದಾಟಿದ ಮನುಷ್ಯ, ಬಿದಿರುಗಳುವಿನ ಹಾಗೆ ನೆಟ್ಟಗೆ. ನೆಲಮಹಡಿಯ ಖಾಲಿ ಹಾಲಿನಲ್ಲಿ ಅವರು ಮರದ ಕತ್ತಿ ಹಿಡಿದು ಆಡುತ್ತಿದ್ದರು, ಎರಡು ಕ್ಯಾಮೆರಾ ಅದನ್ನು ಹಿಡಿಯುತ್ತಿದ್ದವು. ಆಮೇಲೆ ಕತ್ತಿಯಕ್ಕ ಅದನ್ನು ನೋಡಿ ಬರೆಯುತ್ತಿದ್ದಳು. ಯಥಾವತ್ ನಕಲು ಮಾಡಿದರೆ ಕಾಳಗ ಸಪ್ಪೆಯಾಗುತ್ತದೆ. ಎಲ್ಲಿ ಹಿಗ್ಗಿಸಬೇಕು, ಎಲ್ಲಿ ನುಂಗಬೇಕು ಎಂಬುದು ಅವಳ ಗುಟ್ಟು. ಆದರೆ ಭಾರ ಎಲ್ಲಿದೆ ಎಂಬುದನ್ನು ಮಾತ್ರ ಅವಳು ಮೇಷ್ಟ್ರ ಮೈಯಿಂದಲೇ ಕದಿಯುತ್ತಿದ್ದಳು.

ಮರುದಿನ ಹನ್ನೊಂದು ಗಂಟೆಗೆ ಮೇಷ್ಟ್ರು ಕೊನೆಯ ಕಾಳಗದ ಮೊದಲ ತಿರುಗು ಆಡಿ ತೋರಿಸಿದರು. ಎಡಕ್ಕೆ ಸರಿದು, ಬಲಗಾಲ ಮೇಲೆ ಪೂರ್ತಿ ಸುತ್ತಿ, ಏಟು. ಕ್ಯಾಮೆರಾದವನು ಬಹಳ ಚೆನ್ನಾಗಿದೆ ಎಂದ. ಕತ್ತಿಯಕ್ಕ ಅವರ ಕಾಲನ್ನೇ ನೋಡುತ್ತಿದ್ದಳು. ಕ್ಯಾಮೆರಾದವನು ಬ್ಯಾಟರಿ ತರಲು ಮೇಲೆ ಹೋದಾಗ ಹತ್ತಿರ ಬಂದಳು.

"ಮೇಷ್ಟ್ರೇ, ನೀವು ಬಲಗಾಲ ಮೇಲೆ ಭಾರ ಹಾಕ್ತಾ ಇಲ್ಲ."

ಮೇಷ್ಟ್ರು ಟವೆಲಿನಿಂದ ಕತ್ತು ಒರೆಸಿಕೊಂಡರು. "ಸುತ್ತಿದೆನಲ್ಲಮ್ಮ."

"ಸುತ್ತಿದಿರಿ. ಬಲಗಾಲು ನೆಲ ಮುಟ್ಟಿತು, ಅಷ್ಟೇ. ತಿರುಗಿದ್ದು ಎಡಗಾಲಿನ ಬಲದಿಂದ. ಹೋದ ತಿಂಗಳಿಂದ ಹೀಗೇ ಇದೆ."

ಮೇಷ್ಟ್ರು ಬಾಗಿಲಿನತ್ತ ಒಮ್ಮೆ ನೋಡಿದರು. ಆಮೇಲೆ ಗೋಡೆಗೆ ಒರಗಿ ನಿಧಾನವಾಗಿ ನೆಲಕ್ಕೆ ಜಾರಿ ಕೂತರು. ಕೂರುವಾಗ ಬಲಮಂಡಿ ಒಳಗೆ ಕಲ್ಲು ಅರೆದಂತೆ ಸದ್ದಾಯಿತು.

"ಸವೆದುಹೋಗಿದೆ," ಎಂದರು. "ಹೇಳಿದರೆ ಇಲ್ಲಿಗೆ ಬೇರೆ ಯಾರನ್ನೋ ಕರೀತಾರೆ. ಮನೆಯಲ್ಲಿ ಕೂತು ನಾನೇನು ಮಾಡಲಿ, ನೊಣ ಹೊಡೆಯಲಾ?" ಅವಳ ಕೈಯತ್ತ ಗದ್ದದಿಂದ ತೋರಿಸಿದರು. "ನಿನ್ನ ಹೆಬ್ಬೆರಳು ಎಂದಿನಿಂದ?"

ಅವಳು ಥಟ್ಟನೆ ಕೈ ಹಿಂದಕ್ಕೆಳೆದಳು.

"ಪೆನ್ಸಿಲು ಕೆಳಗೆ ಬಿದ್ದರೆ ಎಡಗೈಯಲ್ಲಿ ಎತ್ತಿಕೊಳ್ತೀಯ. ಕತ್ತಿ ಹಿಡಿದವರ ಹೆಬ್ಬೆರಳು ನೋಡೋದೇ ನನ್ನ ಕಸುಬು ಮಗಳೇ."

ಇಬ್ಬರಿಗೂ ನಗು ಬಂತು. ಕಳ್ಳನೂ ಕಳ್ಳನೂ ಕತ್ತಲಲ್ಲಿ ಢಿಕ್ಕಿ ಹೊಡೆದ ಹಾಗಾಗಿತ್ತು. ನಕ್ಕ ಮೇಲೆ ಅವಳಿಗೆ ಇದ್ದಕ್ಕಿದ್ದಂತೆ ಅಳು ಬಂತು. ನಾಲ್ಕು ತಿಂಗಳಲ್ಲಿ ಒಬ್ಬ ಸಹೋದ್ಯೋಗಿಯ ಎದುರು ಕೈ ಬಿಚ್ಚಿ ತೋರಿಸಿದ್ದು ಅದೇ ಮೊದಲು.  ಅವಳು ಮೂಗೊರೆಸಿಕೊಳ್ಳುವವರೆಗೆ ಮೇಷ್ಟ್ರು ಕಾದು, ಕಿಸೆಯಿಂದ ಒಂದು ತುಂಡು ಸೀಮೆಸುಣ್ಣ ತೆಗೆದರು.

"ಆ ಕಾರಿಡಾರು ಎಷ್ಟಗಲ?"

"ಹಿನ್ನೆಲೆಯವಳು ಬರೆದಿರೋದು ನೋಡಿದರೆ ನಾಲ್ಕಡಿ."

ಮೇಷ್ಟ್ರು ಮಂಡಿ ಹಿಡಿದುಕೊಂಡೇ ನೆಲದ ಮೇಲೆ ನಾಲ್ಕಡಿ ಅಂತರದಲ್ಲಿ ಎರಡು ಗೆರೆ ಎಳೆದರು. ನಡುವೆ ನಿಂತು ಕತ್ತಿ ಎತ್ತಿದರು. ಎತ್ತಿದ ಕತ್ತಿಯ ತುದಿ ಗೆರೆಯ ಆಚೆ ಹೋಯಿತು.

"ನೋಡು. ಇಲ್ಲಿ ಗೋಡೆ ಇದೆ. ಬೀಸುವ ಹಾಗಿಲ್ಲ, ತಿರುಗುವ ಹಾಗಿಲ್ಲ. ಉದ್ದ ಕತ್ತಿಯವನು ಇಲ್ಲಿ ಬೋನಿಗೆ ಬಿದ್ದ ಹಾಗೆ. ನಿನ್ನ ನಿರ್ದೇಶಕ ಗಾಳಿಯಲ್ಲಿ ಸುತ್ತು ಅಂತಾನೆ, ಆದರೆ ಈ ಜಾಗದಲ್ಲಿ ಕಾದಾಡೋದು ಹೇಗೆ ಅಂತ ಗೊತ್ತಿರೋನು ಅಲುಗಾಡೋದೇ ಇಲ್ಲ."

"ಅಲುಗಾಡದೆ ಇದ್ದರೆ ಮತ್ತೆ ಜಾರುಗುಪ್ಪೆ ಅಂತಾರೆ."

"ಅಲುಗಾಡದೆ ಇರೋದು ಬೇರೆ, ಭಾರ ಇಲ್ಲದೆ ಇರೋದು ಬೇರೆ. ಅದು ನಿನಗೆ ಗೊತ್ತು."

ಅದು ಅವಳಿಗೆ ಗೊತ್ತಿತ್ತು. ಆ ಕ್ಷಣದಲ್ಲೇ ಅವಳ ತಲೆಯಲ್ಲಿ ಲೆಕ್ಕ ಓಡತೊಡಗಿತು: ಹತ್ತು ಸೆಕೆಂಡು ಇಬ್ಬರೂ ನಿಂತೇ ಇದ್ದರೆ, ನೆಲದ ಹಲಗೆಯ ಮೇಲೆ ಒಂದು ಹಿಮ್ಮಡಿ ಒತ್ತಿದ್ದು ಮಾತ್ರ ಕಂಡರೆ, ಒಂಬತ್ತು ಚಿತ್ರ ಸಾಕು. ಒಂಬತ್ತನ್ನು ಸರಿಯಾಗಿ ಬರೆಯಬಹುದು. ಈ ಹೆಬ್ಬೆರಳಿನಿಂದಲೂ ಬರೆಯಬಹುದು.

ಮೂರು ದಿನ ಅವರು ಆ ಎರಡು ಗೆರೆಗಳ ನಡುವೆ ಕಳೆದರು. ಕೆಟ್ಟ ಮಂಡಿಯವನು ಆಡಬಲ್ಲ, ಕೆಟ್ಟ ಬೆರಳಿನವಳು ಬರೆಯಬಲ್ಲ ಕಾಳಗ. ಮೌನಿ ಕತ್ತಿಯನ್ನು ಮುಂಗೈಗೆ ಅಂಟಿಸಿಕೊಂಡು ತುದಿಯನ್ನು ಮುಂದೆ ಮಾಡಿ ನಿಲ್ಲುತ್ತಾನೆ. ಗುರುವಿನ ಕೈಯಲ್ಲಿ ಗಿಡ್ಡ ಕತ್ತಿ. ಗುರು ಅರ್ಧ ಹೆಜ್ಜೆ ಇಡುತ್ತಾನೆ, ಮೌನಿ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾನೆ. ಏಟುಗಳು ಆರೇ ಆರು. ಅವುಗಳ ನಡುವೆ ಏನಿಡುವುದೆಂದು ಅವಳಿಗೆ ಹೊಳೆಯದೆ ಮನೆಯಲ್ಲಿ ಹೇಳಿಕೊಂಡಾಗ ಅತ್ತೆ ಹಳೆಯ ಪರದೆಯ ಬಟ್ಟೆಯಿಂದ ಅಗಲವಾದ ಒಂದು ತೋಳು ಹೊಲಿದಳು. ಅದನ್ನು ಸೊಸೆಗೆ ತೊಡಿಸಿ, ಬಾಗಿಲ ಪಕ್ಕದ ಗೋಡೆಗೆ ಒತ್ತಿ ಹಿಡಿದಳು.

"ಈಗ ಬಿಡಿಸ್ಕೋ."

ಸೊಸೆ ಎಳೆದಳು. ಬಟ್ಟೆ ಮೊದಲು ಬಿಗಿಯಿತು, ಆಮೇಲೆ ಭುಜ ಬಂತು, ಕೊನೆಗೆ ಮೈ.

"ನೋಡ್ದಾ? ಬಟ್ಟೆ ಸಿಕ್ಕಿಹಾಕಿಕೊಂಡ್ರೆ ಮನುಷ್ಯ ತನ್ನ ಮೈ ತಾನೇ ಎಳ್ಕೋಬೇಕು. ಕತ್ತಿಯಲ್ಲಿ ಚುಚ್ಚಿ ಹಿಡೀಲಿ ಅವನ ತೋಳನ್ನ. ಆಮೇಲೆ ತಮಾಷೆ ನೋಡು."

ಮೌನಿ ಗುರುವಿನ ತೋಳನ್ನು ಗೋಡೆಗೆ ಚುಚ್ಚುವ ಪಟ್ಟು ಹೀಗೆ ಬಂತು.

ನಾಲ್ಕನೆಯ ದಿನ ನಿರ್ದೇಶಕ ಹಾಲಿಗೆ ಬಂದ. ಮೌನಿಯ ಜಾಗದಲ್ಲಿ ಕತ್ತಿಯಕ್ಕ ನಿಂತಳು, ಗುರುವಾಗಿ ಮೇಷ್ಟ್ರು. ಮೊದಲ ಹತ್ತು ಸೆಕೆಂಡಿನಲ್ಲೇ ಅವನು ಗಡಿಯಾರ ನೋಡಿಕೊಂಡ. ಮೂವತ್ತನೆಯ ಸೆಕೆಂಡಿನ ಹೊತ್ತಿಗೆ ಗಡಿಯಾರ ನೋಡುವುದನ್ನು ಬಿಟ್ಟ. ಮೇಷ್ಟ್ರು ಅರ್ಧ ಹೆಜ್ಜೆ, ಇನ್ನರ್ಧ ಹೆಜ್ಜೆ ಒತ್ತಿಕೊಂಡು ಬಂದರು. ಕತ್ತಿಯಕ್ಕ ಹಿಂದೆ ಹಿಂದೆ ಸರಿದಳು. ಕೊನೆಯ ಏಟಿಗೆ ಮೇಷ್ಟ್ರು ಬಲಗಾಲು ಮುಂದಿಟ್ಟಾಗ ಮಂಡಿ ನಿಜಕ್ಕೂ ಕುಸಿಯಿತು. ಅವರು ಬೀಳುತ್ತಿದ್ದುದನ್ನು ಕಂಡು ಅವಳು ಮರದ ಕತ್ತಿ ಬಿಟ್ಟು ಎರಡೂ ಕೈಯಿಂದ ಅವರ ಕಂಕುಳು ಹಿಡಿದಳು. ಹೆಬ್ಬೆರಳು ಟಕ್ಕೆಂದಿತು. ನೋವಿಗೆ ಅವಳ ಮುಖ ಕಿವುಚಿಹೋಯಿತು. ಮೇಷ್ಟ್ರ ಮುಖವೂ ಹಾಗೇ ಇತ್ತು.



"ಎಂಥ ನಟನೆ!" ಎಂದ ಕ್ಯಾಮೆರಾದವನು.

ನಿರ್ದೇಶಕ ಕ್ಯಾಮೆರಾದ ಬಳಿ ಹೋಗಿ ಆ ತುಣುಕನ್ನು ಮತ್ತೊಮ್ಮೆ ನೋಡಿದ. "ಗುರು ಬೀಳೋದು, ಮೌನಿ ಹಿಡಿಯೋದು, ಅದು ಇರಲಿ," ಎಂದ ಕೊನೆಗೆ. "ಗೋಡೆ ಹತ್ತೋದು ಬೇಡ."

ಆ ಐದು ವಾರದಲ್ಲಿ ಅವಳು ನೂರ ಎಂಬತ್ತು ಚಿತ್ರ ಬರೆದಳು. ಹೆಬ್ಬೆರಳಿಗೆ ಅತ್ತೆ ಬಟ್ಟೆಯ ಕವಚ ಹೊಲಿದು ಕೊಟ್ಟಿದ್ದಳು. ಅಡಿಯಿಂದ ಬೆಳಕು ಬರುವ ಗಾಜಿನ ಮೇಲೆ ಕಾಗದದ ಮೇಲೆ ಕಾಗದ ಇಟ್ಟು, ಹಲಗೆಯ ಮೇಲೊತ್ತಿದ ಒಂದು ಹಿಮ್ಮಡಿಯನ್ನು ಹನ್ನೆರಡು ಸಲ ಬರೆದು ಹನ್ನೊಂದು ಸಲ ಹರಿದಳು. ಹಿಮ್ಮಡಿಯ ಅಂಚು ಕೂದಲೆಳೆಯಷ್ಟು ಚಪ್ಪಟೆಯಾದಾಗ, ಅದರಡಿಯ ಮರ ಕೂದಲೆಳೆಯಷ್ಟು ಬಾಗಿದಾಗ, ಪಕ್ಕದವಳು ಇಣುಕಿ, "ಅಯ್ಯೋ ಅಕ್ಕಾ, ಹಲಗೆ ಕಿರ್ ಅಂತು!" ಎಂದಳು. ಚಿತ್ರಕ್ಕೆ ಇನ್ನೂ ಧ್ವನಿ ಸೇರಿಸಿರಲಿಲ್ಲ.

ಕೊನೆಯ ಕಂತು ಪ್ರಸಾರವಾಯಿತು. ವೀಕ್ಷಕರು ಈ ಸಲವೂ ದೃಶ್ಯವನ್ನು ನಿಧಾನ ಮಾಡಿ ಹಂಚಿಕೊಂಡರು. ಈ ಸಲ ಸಂಗೀತ ಹಾಕಲಿಲ್ಲ. ಒಬ್ಬನಂತೂ ಗುರುವಿನ ಮಂಡಿ ಕುಸಿಯುವ ಎಂಟು ಚಿತ್ರಗಳನ್ನು ಬಿಡಿಬಿಡಿಯಾಗಿ ಇಟ್ಟು ಪುಟಗಟ್ಟಲೆ ಬರೆದ. ಅನಿಮೆಯಲ್ಲಿ ಕತ್ತಿಗೆ ಇಷ್ಟು ಭಾರ ಕಂಡಿದ್ದು ಅಪರೂಪ ಎಂದರು. ಸ್ಟುಡಿಯೋದಲ್ಲಿ ಚಪ್ಪಾಳೆಯಾಯಿತು. ಮೇಷ್ಟ್ರು ಎಲ್ಲರೆದುರು ನಕ್ಕು, ಮರುದಿನವೇ ಮಂಡಿಯ ವಿಷಯ ಬರೆದುಕೊಟ್ಟು ಆಸ್ಪತ್ರೆ ಸೇರಿದರು. "ಇದಕ್ಕಿಂತ ಒಳ್ಳೇ ಸಮಯ ಸಿಗಲ್ಲ, ನೀನೂ ಹೇಳಿಬಿಡು," ಎಂದು ಹೊರಡುವಾಗ ಅವಳ ಕಿವಿಯಲ್ಲಿ ಹೇಳಿದರು.

ಹೇಳೋಣವೆಂದೇ ಅವಳು ನಿರ್ದೇಶಕನ ಕೋಣೆಗೆ ಹೋದಳು. ಅವನೇ ಮೊದಲು ಬಾಯಿ ತೆರೆದ.

"ಎರಡನೇ ಸರಣಿ ಸಿಕ್ಕಿತು. ಕಂತಿಗೆ ಎರಡು ಕಾಳಗ. ಎಲ್ಲ ನಿನ್ನ ಇದೇ ಶೈಲಿಯಲ್ಲೇ ಬೇಕಂತೆ." ಒಪ್ಪಂದದ ಕಾಗದ ಅವಳತ್ತ ತಳ್ಳಿದ. "ಇಪ್ಪತ್ತಾರು ಕಂತು."

ಅವಳು ಕಾಗದ ಓದಿದಳು. ತಪ್ಪಿಸಿಕೊಳ್ಳಲೆಂದು ತೋಡಿದ ಸುರಂಗ ಹೋಗಿ ಹೋಗಿ ಅದೇ ಬೋನಿನ ಇನ್ನೂ ಒಳಗಿನ ಕೋಣೆಗೆ ತೆರೆದುಕೊಂಡಿತ್ತು. ಕವಚ ಕಳಚಿ ಕೈಯನ್ನು ಮೇಜಿನ ಮೇಲಿಟ್ಟಳು. ಹೆಬ್ಬೆರಳು ಮಡಚಿದಳು. ಅದು ಅಲ್ಲೇ ನಿಂತಿತು. ಎಡಗೈಯಿಂದ ಎಳೆದಳು. ಟಕ್.

"ಆರು ತಿಂಗಳಿಂದ ಹೀಗಿದೆ," ಎಂದಳು.

ಅವನು ಬೆಚ್ಚಲಿಲ್ಲ. ಅವನು ಬೆಚ್ಚದೇ ಇದ್ದುದನ್ನು ಕಂಡು ಅವಳೇ ಬೆಚ್ಚಿದಳು.

"ನಿನಗೆ ಗೊತ್ತಿತ್ತಾ?"

"ಐದನೇ ಕಂತಿಂದ," ಎಂದ ಮೆಲ್ಲಗೆ. "ನಿನ್ನ ಗೆರೆ ನಾನು ಹನ್ನೊಂದು ವರ್ಷದಿಂದ ನೋಡ್ತಿದೀನಿ. ಅರ್ಧಕ್ಕೆ ನಿಂತು ಮತ್ತೆ ಹೊರಟ ಗೆರೆ ನನಗೆ ಗೊತ್ತಾಗಲ್ವಾ?"

"ಮತ್ತೆ ಕೇಳಲಿಲ್ಲ ಯಾಕೆ?"

"ಕೇಳಿದ್ರೆ ನೀನು ಹೇಳ್ತಿದ್ದೆ. ಹೇಳಿದ್ರೆ ನಾನು ಏನಾದ್ರೂ ಮಾಡ್ಬೇಕಾಗ್ತಿತ್ತು." ಅವನು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. "ನನ್ನ ಮೇಲೂ ಇದ್ದಾರೆ. ನನಗೂ ಹೇಳೋಕೆ ಆಗಲ್ಲ ಅನ್ನೋದು ಬಹಳ ಇದೆ."

ಆ ಕೊನೆಯ ಮಾತು ನಿಜವೇ ಇದ್ದೀತು. ಆದರೆ ಅವಳಿಗೆ ಹೊಟ್ಟೆಗೆ ಹಾಕಿಕೊಳ್ಳಲಾಗಲಿಲ್ಲ. ಹತ್ತು ಸಲ ಚಿಲಕ ಹಾಕಿಕೊಂಡು ಕಚ್ಚಿ ಹಿಡಿದ ಹಲ್ಲು, ಎರಡು ಲಕ್ಷ ಜನ ನಕ್ಕ ನಗು, ಎಲ್ಲವನ್ನೂ ಈ ಮನುಷ್ಯ ಕಣ್ಣಾರೆ ಕಂಡೂ ಕ್ಯಾಲೆಂಡರ್ ನೋಡುತ್ತ ನಿಂತಿದ್ದ.  ಸಹಿ ಹಾಕದ ಕಾಗದವನ್ನು ಅಲ್ಲೇ ಬಿಟ್ಟು ಎದ್ದಳು.

"ಮೂರು ಕಂತು ಮುಗಿಸಿ ರಜೆ ತಗೋ," ಎಂದ ಹಿಂದಿನಿಂದ.

ಅವಳು ಅದೇ ಮಧ್ಯಾಹ್ನ ಅತ್ತೆಯನ್ನು ಕರೆದುಕೊಂಡು ಡಾಕ್ಟರ ಬಳಿ ಹೋದಳು. ವಾರದೊಳಗೆ ಬೆರಳು ಕೊಯ್ದು ಬಿಡಿಸಿದರು. ಡಾಕ್ಟರು, "ಇಷ್ಟು ದಿನ ಬಿಟ್ಟಿದ್ದೀರಿ, ಹತ್ತು ವಾರ ಪೆನ್ಸಿಲು ಮುಟ್ಟಬೇಡಿ," ಎಂದು ಬರೆದುಕೊಟ್ಟ ಚೀಟಿಯ ಫೋಟೋ ತೆಗೆದು ನಿರ್ದೇಶಕನಿಗೆ ಕಳಿಸಿದಳು. ಉತ್ತರ ಬರಲಿಲ್ಲ. ಆದರೆ ಕೆಲವು ದಿನದ ಮೇಲೆ, ಗುಣಮಟ್ಟದ ಸಲುವಾಗಿ ಎರಡನೇ ಸರಣಿಯನ್ನು ಮುಂದೂಡಲಾಗಿದೆ ಎಂಬ ಪ್ರಕಟಣೆ ಬಂತು. ವೀಕ್ಷಕರು ಸ್ಟುಡಿಯೋದ ಬದ್ಧತೆಯನ್ನು ಕೊಂಡಾಡಿದರು. ಗಂಡ ಅದನ್ನು ಓದಿ ಹೇಳಿದಾಗ ಅವಳು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು.

ಆ ಹತ್ತು ವಾರ ಅವಳು ಮನೆಯಲ್ಲಿದ್ದಳು. ಬಿಡುಗಡೆಯೆಂದು ಅಂದುಕೊಂಡಿದ್ದು ಅಷ್ಟೇನೂ ಬಿಡುಗಡೆಯಾಗಿರಲಿಲ್ಲ. ಅತ್ತೆ ಅಡುಗೆಮನೆಯಿಂದ ನಡೆದು ಬಂದರೆ ಇವಳ ಕಣ್ಣು ಹಿಮ್ಮಡಿ, ಸೊಂಟ, ಭುಜ ಎಂದು ಎಣಿಸುತ್ತಿತ್ತು. "ಹಾಗೆ ನೋಡಬೇಡ್ವೇ, ನಾನೇನು ಕತ್ತಿ ಹಿಡ್ಕೊಂಡಿದೀನಾ?" ಎಂದು ಅತ್ತೆ ಬೈಯುವಳು. ಮೇಷ್ಟ್ರು ಆಸ್ಪತ್ರೆಯಿಂದ ಫೋನು ಮಾಡಿ, ಹೊಸ ಮಂಡಿ ಚೆನ್ನಾಗಿದೆ, ಆದರೆ ಇನ್ನು ಕತ್ತಿ ಹಿಡಿಯಬಾರದಂತೆ ಎಂದರು. 

ಹನ್ನೊಂದನೆಯ ವಾರದ ಸೋಮವಾರ ಅವಳು ಸ್ಟುಡಿಯೋಗೆ ಹೋದಳು. ಒಪ್ಪಂದದ ಕಾಗದದಲ್ಲಿ ತನ್ನ ಕೈಯಿಂದ ಒಂದು ಸಾಲು ಸೇರಿಸಿದಳು: ವಾರಕ್ಕೆ ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಕಾಳಗ ಬರೆಯುವುದಿಲ್ಲ. ನಿರ್ದೇಶಕ ಅದನ್ನು ಮೂವತ್ತು ಎಂದು ತಿದ್ದಿದ. ಅವಳು ಹೊಡೆದು ಹಾಕಿ ಮತ್ತೆ ಇಪ್ಪತ್ತು ಎಂದು ಬರೆದಳು. ಅವನು ಇಪ್ಪತ್ತೈದು ಎಂದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಪ್ಪತ್ತೈದಕ್ಕೆ ಸಹಿ ಬಿತ್ತು. ಪಕ್ಕದವಳು ಎದ್ದು ಕುರ್ಚಿ ಸರಿಸಿದಳು, ಕತ್ತಿಯಕ್ಕ ಗೋಡೆಗೂ ಕಪಾಟಿಗೂ ನಡುವೆ ನುಸುಳಿ ತನ್ನ ಜಾಗದಲ್ಲಿ ಕೂತಳು.